ಬಾಯಿ ಮುಚ್ಚಿ ಹಾಡುವ ಹಕ್ಕಿ

ವೇದಿಕೆಯ ಮೇಲಿರುವ ಅಧ್ಯಕ್ಷರೂ ನಮ್ಮ ಊರಿನ ಮುಖ್ಯಸ್ಥರೂ ಆದ ಬಪಾ ಪ್ರಾನೊತೊ ಅವರೇ, ನನ್ನ ಕೈಗೆ ಮೈಕು ಕೊಡುವ ಧೈರ್ಯ ಮಾಡಿರುವ ಮುಖ್ಯೋಪಾಧ್ಯಾಯಿನಿ ಇಬು ಹರ್ಯಾತಿ ಅವರೇ, ಗುರುವೃಂದದವರೇ, ಮೊದಲ ಸಾಲಿನಲ್ಲಿ ಕುಳಿತು ಈಗಾಗಲೇ ನನ್ನನ್ನು ಗುರಾಯಿಸುತ್ತಿರುವ ನಮ್ಮ ಮನೆಯವರಾದ ಸುಮಿಯೆಮ್ ಅವರೇ, ತಂದೆತಾಯಂದಿರೇ, ಮುದ್ದು ಮಕ್ಕಳೇ, ಮತ್ತು ತಿಂಡಿ ಯಾವಾಗ ಎಂದು ಕಿಟಕಿಯಿಂದ ಇಣುಕುತ್ತಿರುವ ಸಭಿಕರೇ,

ಇಂದು ನಿಮ್ಮ ಶಾಲೆಯ ವಾರ್ಷಿಕೋತ್ಸವ. ಜೊತೆಗೆ ನನಗೊಂದು ಸನ್ಮಾನ. ಬೆಳವ ಹಕ್ಕಿಗಳ ಹಾಡಿನ ಸ್ಪರ್ಧೆಗೆ ಮೂವತ್ತು ವರ್ಷ ತೀರ್ಪುಗಾರನಾಗಿದ್ದ ಈ ವಿಗ್ನ್ಯೊಗೆ ಬಾಟಿಕ್ ವಸ್ತ್ರ ಹೊದಿಸಿ, ಇಡೀ ಜಿಲ್ಲೆಗೆ ಪ್ರಧಾನ ತೀರ್ಪುಗಾರ ಎಂದು ಘೋಷಿಸುತ್ತಾರಂತೆ. ವಸ್ತ್ರ ಇಲ್ಲೇ ಮೇಜಿನ ಮೇಲಿದೆ, ಬಣ್ಣ ಚೆನ್ನಾಗಿದೆ. ಅದಕ್ಕೆ ಮುಂಚೆ ಪ್ರಪಂಚದ ಹಕ್ಕಿಗಳ ಸೋಜಿಗಗಳನ್ನು ಹತ್ತು ನಿಮಿಷ ಮಕ್ಕಳಿಗೆ ಹೇಳಬೇಕೆಂದು ಇಬು ಹರ್ಯಾತಿಯವರ ಅಪ್ಪಣೆ.

ಮೂರನೇ ಸಾಲಿನಲ್ಲಿ ಐದನೇ ತರಗತಿಯ ಲಾರಸ್ ಕೂತಿದ್ದಾಳೆ. ಅವಳ ಬೆಳವ ಕೆತಾನ್‌ನನ್ನು ನಾಡಿದ್ದು ಸಂತೆಯಲ್ಲಿ ಮಾರಿಬಿಡುತ್ತಾರೆಂದು ನಿನ್ನೆಯಷ್ಟೇ ತಿಳಿಯಿತು. "ಸ್ಪರ್ಧೇಲಿ ಕೂಗದಿರೋ ಹಕ್ಕೀನ ಇಟ್ಕೊಂಡು ಏನ್ ಮಾಡೋದು?" ಅಂದನಂತೆ ಅವಳ ಚಿಕ್ಕಪ್ಪ. ಇರಲಿ, ಆ ವಿಷಯ ಆಮೇಲೆ.

ಮಕ್ಕಳೇ, ಆಫ್ರಿಕಾದ ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು, ಗೊತ್ತೇ? ಅಂಥವರು ನಮ್ಮ ಊರಿನಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ. ಅಲಾಸ್ಕಾದಿಂದ ಹೊರಟ ಒಂದು ಮರಿ ಗಾಡ್ವಿಟ್ ಹಕ್ಕಿ ಹನ್ನೊಂದು ದಿನ ಎಲ್ಲೂ ಇಳಿಯದೆ, ಒಂದು ಹನಿ ನೀರೂ ಕುಡಿಯದೆ ಆಸ್ಟ್ರೇಲಿಯಾದ ತುದಿ ಮುಟ್ಟಿತಂತೆ. ನೀವು ಮನೆಯಿಂದ ಶಾಲೆಗೆ ಬರುವಷ್ಟರಲ್ಲಿ ಎಷ್ಟು ಅಂಗಡಿಗಳಲ್ಲಿ ಇಳಿಯುತ್ತೀರಿ? ನಮ್ಮ ಪಕ್ಕದ ದ್ವೀಪದ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಇದೆ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿ ಮುಚ್ಚಿಕೊಂಡುಬಿಡುತ್ತದೆ. ಒಂದು ಸೀಳಷ್ಟೇ ಬಿಟ್ಟಿರುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸಬೇಕು. ಇದನ್ನು ಹೇಳಿದಾಗ ನಮ್ಮ ಮನೆಯವರು, "ನೀವಾಗಿದ್ರೆ ಅರ್ಧ ದಾರೀಲೇ ಹಣ್ಣು ತಿಂದು ಮುಗಿಸ್ತಿದ್ರಿ" ಅಂದರು.

ಈಗ ನಮ್ಮ ಬೆಳವದ ವಿಷಯ. ಬೇರೆ ಹಕ್ಕಿಗಳು ನೀರು ಕುಡಿಯುವಾಗ ಒಂದು ಗುಟುಕು ತೆಗೆದುಕೊಂಡು ತಲೆ ಎತ್ತುತ್ತವೆ. ಬೆಳವ ಮಾತ್ರ ಕೊಕ್ಕು ಮುಳುಗಿಸಿ ಎಮ್ಮೆಯ ಹಾಗೆ ಹೀರುತ್ತದೆ. ಬೇರೆ ಹಕ್ಕಿಗಳು ಬಾಯಿ ತೆರೆದು ಹಾಡುತ್ತವೆ. ಬೆಳವ ಬಾಯಿ ಮುಚ್ಚಿಕೊಂಡು ಹಾಡುತ್ತದೆ. ಹೌದು, ಬಾಯಿ ಮುಚ್ಚಿ! ಕೊಕ್ಕು ಅಲ್ಲಾಡುವುದಿಲ್ಲ, ಗಂಟಲು ಮಾತ್ರ ಉಬ್ಬಿ ಅದುರುತ್ತದೆ. ಸ್ಪರ್ಧೆಯ ದಿನ ನಲವತ್ತು ಕಂಬಗಳ ತುದಿಗೆ ನಲವತ್ತು ಪಂಜರ ಏರಿದರೆ, ಯಾವುದು ಕೂಗಿತು, ಯಾವುದು ಕೂಗಲಿಲ್ಲ ಎಂದು ಹಗ್ಗದ ಆಚೆ ನಿಂತ ಜನಕ್ಕೆ ತಿಳಿಯುವುದೇ ಇಲ್ಲ. ಕಂಬದ ಬುಡಕ್ಕೆ ಹೋಗಿ ಕೇಳುವವನು ತೀರ್ಪುಗಾರ ಒಬ್ಬನೇ. ಕೂಗಿದ ಹಕ್ಕಿಯ ಕಂಬಕ್ಕೆ ಅವನು ಸಿಕ್ಕಿಸುವ ಬಾವುಟಗಳೇ ಸತ್ಯ.

ಕಿವಿಯ ಮಾತು ಬಂತು, ಕೇಳಿ. ಗೂಬೆಗಳಲ್ಲಿ ಕೆಲವಕ್ಕೆ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಅದಕ್ಕಿಂತ ಸೋಜಿಗ ಇನ್ನೊಂದಿದೆ. ಹಕ್ಕಿಯ ಕಿವಿ ಮಂದವಾದರೆ ಒಳಗಿನ ನವಿರಾದ ಜೀವಕೋಶಗಳು ಮತ್ತೆ ಬೆಳೆದು ಪುನಃ ಕೇಳಿಸತೊಡಗುತ್ತದೆ. ಮನುಷ್ಯನಿಗೆ ಮಾತ್ರ ಹೋದದ್ದು ಹೋಯಿತು. ಇದನ್ನು ನನಗೆ ಪಟ್ಟಣದ ಕಿವಿ ಡಾಕ್ಟರು ಹೇಳಿದರು. "ನೀವು ಬೆಳವ ಆಗಿದ್ರೆ ವಾಸಿ ಆಗ್ತಿತ್ತು, ತಾತ" ಅಂದರು.

ಹಾಂ. ಸುಮಿಯೆಮ್ ಅವರು ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ಕಿವಿ ಡಾಕ್ಟರ ಹತ್ತಿರ ನಾನೇಕೆ ಹೋಗಿದ್ದೆ ಎಂದು ನೀವೂ ಯೋಚಿಸುತ್ತಿದ್ದೀರಿ. ಹಕ್ಕಿಗಳ ವಿಷಯಕ್ಕೇ ಬರೋಣ. ಹಕ್ಕಿಗಳಿಗೆ ಬೆವರು ಬರುವುದಿಲ್ಲ, ಮಕ್ಕಳೇ. ಬಿಸಿಲು ಜಾಸ್ತಿಯಾದರೆ ಅವು ಗಂಟಲನ್ನು ಪಟಪಟ ಅದುರಿಸಿ ಮೈ ತಂಪು ಮಾಡಿಕೊಳ್ಳುತ್ತವೆ. ದೂರದಿಂದ ನೋಡಿದರೆ ಹಾಡುತ್ತಿರುವ ಹಾಗೆಯೇ ಕಾಣುತ್ತದೆ. ಯಾರಾದರೂ ಮೋಸಹೋಗಬಹುದು. ಹೋದ ಸ್ಪರ್ಧೆಯಲ್ಲಿ ಅಧ್ಯಕ್ಷರ ಬೆಳವ ಗ್ಲುದುಗ್ ಕೂಡ...

ಬೇಡ. ಸುತ್ತಿ ಬಳಸಿ ಸಾಕಾಯಿತು. ಹೇಳಿಬಿಡುತ್ತೇನೆ.

ನನಗೆ ಮೂರು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಎಡಗಿವಿಗೆ ಬಾಯಿಟ್ಟು ಕಿರುಚಿದರೆ ಅಷ್ಟಿಷ್ಟು. ಹಾಗಾದರೆ ತೀರ್ಪು ಹೇಗೆ ಕೊಡುತ್ತಿದ್ದೆ? ನಮ್ಮ ಮನೆಯವರು ಹಗ್ಗದ ಪಕ್ಕದಲ್ಲೇ ಸೋಯಾಕಾಳಿನ ಟೆಂಪೆ ಕರಿಯಲು ಕೂರುತ್ತಿದ್ದದ್ದು ನಿಮಗೆಲ್ಲ ನೆನಪಿರಬೇಕು. ಅವರದು ಎಂಥ ಕಿವಿ ಅಂದರೆ, ನಾನು ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಮುಟ್ಟಿದರೆ ಹಿತ್ತಿಲಿನಿಂದಲೇ, "ಏನ್ರೀ ಅದು?" ಎನ್ನುತ್ತಾರೆ. ನಾನು ಯಾವ ಕಂಬದ ಕೆಳಗೆ ನಿಲ್ಲುತ್ತೇನೋ ಆ ಹಕ್ಕಿ ಕೂಗಿದರೆ ಒಲೆಗೆ ಬೀಸುವ ಬೀಸಣಿಗೆ ಮೇಲೇಳುತ್ತಿತ್ತು. ಕೂಗದಿದ್ದರೆ ಕೆಳಗೇ ಇರುತ್ತಿತ್ತು. ಮೂರು ವರ್ಷ ಒಂದೂ ತಪ್ಪಾಗಲಿಲ್ಲ. ನನಗೆ ಬಂದ ಹೊಗಳಿಕೆಯೆಲ್ಲ ಅವರದು. ಟೆಂಪೆ ಆಗಾಗ ಸೀದುಹೋಗಿದ್ದೂ ಅದಕ್ಕೇ.

ಹೋದ ಸ್ಪರ್ಧೆಯ ದಿನ ಅವರ ತಂಗಿಯ ಮಗಳ ಮದುವೆ. "ನಾನಿಲ್ಲ, ನೀವೂ ಹೋಗ್ಬೇಡಿ, ಹೊಟ್ಟೆನೋವು ಅಂತ ಹೇಳಿಬಿಡಿ" ಎಂದು ಹೇಳಿ ಹೋಗಿದ್ದರು. ಕೇಳಿದೆನೇ? ಮೂವತ್ತು ವರ್ಷದ ಜಂಬ. ಕಣ್ಣು ಚುರುಕಾಗಿದೆ, ಗಂಟಲು ನೋಡಿಯೇ ಹೇಳುತ್ತೇನೆ ಎಂದುಕೊಂಡೆ. ಬಿಸಿಲೋ ಬಿಸಿಲು. ಗ್ಲುದುಗ್ ಎಂದರೆ ಗುಡುಗು ಅಲ್ಲವೇ, ಆ ಗುಡುಗಿನ ಗಂಟಲು ಅದುರಿದ್ದೇ ಅದುರಿದ್ದು! ಬಾವುಟದ ಮೇಲೆ ಬಾವುಟ ಸಿಕ್ಕಿಸಿದೆ. ಪಾಪ, ಅದು ಸೆಕೆಗೆ ಒದ್ದಾಡುತ್ತಿತ್ತು. ಲಾರಸಳ ಕೆತಾನ್ ನನಗೆ ಬೆನ್ನು ಹಾಕಿ ಕೂತಿತ್ತು. ಗಂಟಲು ಕಾಣಲಿಲ್ಲ, ಒಂದೂ ಬಾವುಟ ಕೊಡಲಿಲ್ಲ.

ಗ್ಲುದುಗ್‌ಗೆ ಮೊದಲ ಬಹುಮಾನ ಕೊಟ್ಟ ಮೇಲೆ ಆ ಗದ್ದಲದಲ್ಲಿ ಅಧ್ಯಕ್ಷರು ನನ್ನ ಎಡಗಿವಿಗೇ ಬಾಯಿಟ್ಟು, "ವಿಗ್ನ್ಯೊ ಅವರೇ, ನಮ್ಮದು ನಿಜವಾಗ್ಲೂ ಕೂಗ್ತಾ?" ಎಂದರು. "ಯಾಕೆ, ನಿಮಗೆ ಕೇಳಿಸ್ಲಿಲ್ವಾ?" ಎಂದೆ. "ಕೇಳಿಸ್ತು, ಕೇಳಿಸ್ತು!" ಎಂದರು. ಅಧ್ಯಕ್ಷರೇ, ನಗಬೇಡಿ. ಕೇಳದಿದ್ದದ್ದನ್ನು ಕೇಳಿದೆ ಎಂದವರು ಆ ದಿನ ನಾವಿಬ್ಬರು.

ಮದುವೆಯಿಂದ ಬಂದ ಮನೆಯವರು ನೇರವಾಗಿ ಅಧ್ಯಕ್ಷರ ಮನೆಗೆ ಹೋಗಿ ವಿಚಾರಿಸಿದರು. ಗ್ಲುದುಗ್ ಎರಡು ತಿಂಗಳಿಂದ ಬಾಯಿಯೇ ಬಿಟ್ಟಿಲ್ಲವಂತೆ, ಅಂದರೆ ಬಾಯಿ ಮುಚ್ಚಿಯೂ ಹಾಡಿಲ್ಲವಂತೆ. ಆ ದಿನವೇ ನಾನು ಸತ್ಯ ಹೇಳಬೇಕಿತ್ತು. ನಾಚಿಕೆಯಾಯಿತು, ಸುಮ್ಮನಾದೆ. ದೊಡ್ಡವರ ನಾಚಿಕೆಗೆ ಒಂದು ಮಗುವಿನ ಹಕ್ಕಿ ಸಂತೆಗೆ ಹೋಗುವುದು ಯಾವ ನ್ಯಾಯ? ಹೇಳಿ, ಯಾವ ನ್ಯಾಯ?

ನೀವೆಲ್ಲ ಏನೋ ಮಾತಾಡುತ್ತಿದ್ದೀರಿ, ತುಟಿ ಕಾಣುತ್ತಿದೆ. ಚಪ್ಪಾಳೆಯಾದರೆ ಕೈ ಕಾಣುತ್ತದೆ. ಬೈಯುವವರು ದಯವಿಟ್ಟು ಎದ್ದು ನಿಂತು ಬೈಯಿರಿ.

ಲಾರಸ್ ಎದ್ದಳು. ಬೈಯಮ್ಮ, ಎಲ್ಲರಿಗಿಂತ ಮೊದಲು ಬೈಯಬೇಕಾದವಳು ನೀನೇ. ಏನು? ಇಲ್ಲಿಗೇ ಬರುತ್ತೀಯಾ? ಬಾ, ಮೆಟ್ಟಿಲು ಜೋಪಾನ. ಈ ಕಡೆಯ ಕಿವಿಗೆ ಹೇಳು, ಜೋರಾಗಿ.

ಸಭಿಕರೇ, ಅವಳು ಹೇಳಿದ್ದನ್ನು ಹಾಗೆಯೇ ನಿಮಗೆ ಹೇಳುತ್ತೇನೆ. "ತಾತ, ಅವತ್ತು ಕೆತಾನ್ ನಲವತ್ತೆರಡು ಸಲ ಕೂಗ್ತು. ಅದರ ದನಿ ನಂಗೆ ಗೊತ್ತು, ಎಣಿಸ್ತಾ ಇದ್ದೆ. ಆಮೇಲೆ ನನ್ನ ಕಿವೀನೇ ಸರಿಯಿಲ್ವೇನೋ ಅನ್ಕೊಂಡೆ."

ಕೇಳಿದಿರಾ? ಅವಳ ಕಿವಿ ಸರಿಯಾಗಿದೆ. ಲಾರಸಳ ಚಿಕ್ಕಪ್ಪನವರೇ, ಪಂಜರ ಸಂತೆಗೆ ಬೇಡ, ಮನೆಯ ಗೂಟಕ್ಕೇ ಮತ್ತೆ ತೂಗುಹಾಕಿ. ಇದು ನನ್ನ ಕೊನೆಯ ತೀರ್ಪು: ಪ್ರಥಮ ಬಹುಮಾನ ಕೆತಾನ್‌ಗೆ. ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ, ಒಪ್ಪಿದರೆಂದೇ ತೆಗೆದುಕೊಳ್ಳುತ್ತೇನೆ. ತಾಳ್ಮೆಯಿಂದ ಕೇಳಿಸಿಕೊಂಡ, ಕಿವಿಯಿರುವ ನಿಮಗೆಲ್ಲರಿಗೂ ವಂದನೆಗಳು. ಜಿಲ್ಲೆಗೆ ಹೊಸ ತೀರ್ಪುಗಾರರನ್ನು ಹುಡುಕಿಕೊಳ್ಳಿ. ಒಬ್ಬಳು ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾಳೆ, ಇನ್ನೊಂದಷ್ಟು ವರ್ಷ ಕಾಯಬೇಕಾಗುತ್ತದೆ, ಅಷ್ಟೇ.

ನಮಸ್ಕಾರ.