ಮಿನಾರಿಗೆ ಬಾಯಿ ಎಲ್ಲಿದೆ?

ಹಾಜ್ಜಾ ಬಹಿಯಾ ಅವರೇ, ಮೊದಲ ಸಲಾಮು ನಿಮಗೆ.

ಪದ್ಧತಿ ನನಗೂ ಗೊತ್ತು ಮಾನ್ಯರೇ. ಮೊದಲು ವೇದಿಕೆ, ಆಮೇಲೆ ಮುಂದಿನ ಸಾಲು, ಕೊನೆಗೆ ಮನೆಯವರು. ಆದರೆ ನಮ್ಮ ಹಿಲ್ಮಿಯ ಅಕ್ಕ, ಹಜ್ ಮಾಡಿ ಬಂದ ಈ ಹಾಜ್ಜಾ, ಈ ಸಭಾಂಗಣದಲ್ಲಿ ಇಲ್ಲ. ಮಂಡಿ ನೋವು, ಮೆಟ್ಟಿಲು ಇಳಿಯಲಾರರು. ಎರಡು ಬೀದಿ ಆಚೆ, ತಮ್ಮ ಮೊದಲ ಮಹಡಿಯ ಮನೆಯಲ್ಲಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಾರೆ. ನಮ್ಮ ವಾಹಿನಿಯೇ ಈ ಸಭೆಯನ್ನು ಅವರಿಗೆ ನೇರವಾಗಿ ತಲುಪಿಸುತ್ತಿದೆ. ನೇರ ಎಂದರೆ — ನನ್ನ ಬಲಕ್ಕಿರುವ ಪರದೆ ನೋಡಿ. ಅವರ ಫೋನಿನಲ್ಲಿ ಕಾಣುತ್ತಿರುವುದೇ ಅಲ್ಲೂ ಕಾಣುತ್ತಿದೆ. ಇಲ್ಲಿ ನಾನು ಸಲಾಮು ಹೇಳಿ ಮುಗಿಸಿದೆ. ಅಲ್ಲಿ ನಾನಿನ್ನೂ ಮೈಕಿನ ಕಡೆಗೆ ನಡೆದು ಬರುತ್ತಿದ್ದೇನೆ. — ಈಗ ಅಲ್ಲಿ ತಂತಿಗೆ ಕಾಲು ಸಿಕ್ಕಿ ನಾನು ಎಡವಿದೆ, ನೋಡಿದಿರಾ? ಒಂದೇ ಎಡವಟ್ಟನ್ನು ಎರಡು ಸಲ ಮಾಡುವ ಭಾಗ್ಯ ನಮ್ಮ ವಾಹಿನಿಯವರಿಗೆ ಮಾತ್ರ.

ಕೊನೆಗೆ ತಲುಪುವವರ ಸಲಾಮು ಮೊದಲು ಹೊರಡಬೇಕು. ಇದು ಹಿಲ್ಮಿ ಕಲಿಸಿದ ಪಾಠ. ಈಗ ಉಳಿದವರಿಗೆ: ನಿರ್ದೇಶಕರಾದ ಡಾಕ್ಟರ್ ಮಮ್ದೂಹ್ ಅವರೇ, ಅಲೆಕ್ಸಾಂಡ್ರಿಯಾದ ಈ ಪುಟ್ಟ ವಾಹಿನಿಯ ಸಹೋದ್ಯೋಗಿಗಳೇ, ಸಕ್ಕರೆಯಿಲ್ಲದ ಕಾಫಿ ಹಿಡಿದು ಗೋಡೆಗೆ ಒರಗಿರುವ ಮಿತ್ರರೇ —

ಇಂಜಿನಿಯರ್ ಹಿಲ್ಮಿ ಸರ್ವತ್ ನಮ್ಮನ್ನು ಅಗಲಿ ಇಂದಿಗೆ ನಲವತ್ತು ದಿನ. ಇಂಥ ಸಭೆಯಲ್ಲಿ ಮೃತರನ್ನು ಶಾಂತಮೂರ್ತಿ ಎನ್ನಬೇಕು. ಹಿಲ್ಮಿಯ ಕೋಣೆಯ ಪಕ್ಕದಲ್ಲೇ ಕೂತು ಕೆಲಸ ಮಾಡಿದ ನಾನು ಹಾಗೆಂದರೆ ಆ ಕೋಣೆಯ ಬಾಗಿಲೇ ನಗುತ್ತದೆ. ಅಷ್ಟು ಸಲ ಅದು ದಡಾರ್ ಅಂದಿದೆ.

ಹೊಸದಾಗಿ ಸೇರಿದವರಿಗೆ ಅವನು ಮಾಡುತ್ತಿದ್ದ ಪಾಠವನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. — ಎರಡೂ ಕೈ ಹೀಗೆ ಅಗಲಿಸಿ ಹೇಳುತ್ತಿದ್ದ: "ಚಿತ್ರ ಅಂದ್ರೆ ಮೈತುಂಬಾ ಗಂಟುಮೂಟೆ ಹೊತ್ಕೊಂಡ ದಪ್ಪ ಮಾವ. ದನಿ ಅಂದ್ರೆ ಬರಿಗೈಲಿ ಓಡೋ ಸಣಕಲ ಅಳಿಯ. ಇಬ್ಬರೂ ಒಟ್ಟಿಗೇ ಮನೆಯೊಳಗೆ ಕಾಲಿಡಬೇಕು ಅಂತ ನಿಯಮ. ಅದಕ್ಕೇ ಅಳಿಯ ಪಾಪ, ಬಾಗಿಲಲ್ಲಿ ನಿಂತು ಮಾವನಿಗೆ ಕಾಯ್ತಾನೆ." ಆಮೇಲೆ ಚಾವಣಿ ಕಡೆ ಬೆರಳು ತೋರಿಸುತ್ತಿದ್ದ. "ಚಿತ್ರಾನ ಚೂರುಚೂರು ಮಾಡಿ ಕಳಿಸ್ತೀವಿ. ದಾರೀಲಿ ಚೂರುಗಳು ಹಿಂದೆಮುಂದೆ ಆಗ್ತವೆ, ತಡ ಆಗ್ತವೆ. ಆ ಕಡೆ ಒಂದು ತೊಟ್ಟಿ ಇಟ್ಟು, ಅದು ತುಂಬಿದ ಮೇಲೆ ನಲ್ಲಿ ಬಿಡ್ತೀವಿ. ದೊಡ್ಡ ತೊಟ್ಟಿ ಇಟ್ರೆ ನೀರು ನಿಲ್ಲಲ್ಲ, ಆದ್ರೆ ಬರೋದು ತಡ. ಚಿಕ್ಕದಿಟ್ರೆ ಬೇಗ ಬರತ್ತೆ, ಆದ್ರೆ ಆಗಾಗ ನಲ್ಲಿ ಗೊರಗೊರ ಅನ್ನತ್ತೆ."

ನಮ್ಮ ಮಾನ್ಯ ನಿರ್ದೇಶಕರಿಗೆ ಗೊರಗೊರ ಆಗದು. ಪರದೆಯಲ್ಲಿ ಆ ಸುತ್ತುವ ಚಕ್ರ ಕಂಡರೆ ಜಾಹೀರಾತಿನವರು ಓಡಿಹೋಗುತ್ತಾರೆ ಎಂದು ದೊಡ್ಡ ತೊಟ್ಟಿ ಇಡಿಸಿದರು. ಚಿತ್ರ ನಯವಾಯಿತು, ಅರ್ಧ ನಿಮಿಷಕ್ಕೂ ಮೇಲೆ ತಡವಾಯಿತು. ಹಿಲ್ಮಿ ಬಿಡುತ್ತಾನೆಯೇ? ಪ್ರತಿ ಸಭೆಯಲ್ಲೂ ಕೊರೆದ. ಒಮ್ಮೆ ಅವರ ಎದುರೇ ಅಂದ: "ಚಿತ್ರದಲ್ಲಿ ಮೊದಲಿದ್ದದ್ದನ್ನೇ ಮತ್ತೆ ಕಳಿಸಲ್ಲ ಡಾಕ್ಟ್ರೇ, ಬದಲಾದದ್ದನ್ನ ಮಾತ್ರ ಕಳಿಸ್ತೀವಿ. ಅದಕ್ಕೇ ನಿಮ್ಮ ವಾರ್ಷಿಕ ಭಾಷಣ ಕಳಿಸೋಕೆ ಖರ್ಚೇ ಇಲ್ಲ." — ಡಾಕ್ಟರ್ ಮಮ್ದೂಹ್ ಈಗ ನಗುತ್ತಿದ್ದಾರೆ. ಆವತ್ತು ನಗಲಿಲ್ಲ.

ಆದರೆ ಹಿಲ್ಮಿಯದು ಬರೀ ಹಟವೇ? ಅದನ್ನೇ ನಾನು ಇವತ್ತು ಹೇಳಬೇಕು.

ನಮಗಿಂತ ಪೂರ್ವಕ್ಕಿರುವ ಕೈರೋದ ಬಾಂಗು ನಂಬಿ ಉಪವಾಸ ಬಿಟ್ಟರೆ ನಮ್ಮೂರಿನವರು ಸೂರ್ಯ ಮುಳುಗುವ ಮುಂಚೆಯೇ ಉಂಡಂತೆ. ರಂಜಾನಿನಲ್ಲಿ ಜನ ನಮ್ಮ ವಾಹಿನಿ ಹಾಕುವುದೇ ಈ ಊರಿನ ಬಾಂಗಿಗಾಗಿ. ಹಾಜ್ಜಾ ಅವರಿಗೆ ಕಿವಿ ಮಂದ, ಮಸೀದಿಯ ದನಿ ಕೇಳದು. ಫೋನನ್ನು ಕಿವಿಗೆ ಒತ್ತಿಕೊಂಡರೆ ಮಾತ್ರ ಕೇಳುತ್ತದೆ. ಒಂದು ಸಂಜೆ ಅವರು ಹಾಗೆ ಬಾಲ್ಕನಿಯಲ್ಲಿ ಕೂತಿದ್ದಾಗ, ಕೆಳಗಿನ ಕ್ಷೌರದಂಗಡಿಯ ಗಂದೂರ್ ಅಪ್ರಿಕಾಟ್ ಪಾನಕದ ಲೋಟ ಎತ್ತಿದ.

"ಅಯ್ಯೋ ಗಂದೂರ್! ಬಾಂಗೇ ಆಗಿಲ್ಲ, ಆಗ್ಲೇ ಬಾಯಿಗೆ ಸುರ್ಕೊಂಡ್ಯಲ್ಲೋ! ನಿನ್ನ ಹೊಟ್ಟೆಗೆ ನಾಚಿಕೆ ಇಲ್ವಾ?"

"ಆಯ್ತಲ್ಲಾ ಹಾಜ್ಜಾ! ಮಸೀದೀಲಿ ಕೂಗಿದ್ರಲ್ಲ!" ಅವರ ಕಿವಿಗೆ ಮುಟ್ಟಲೆಂದು ಅವನು ಬಾಲ್ಕನಿಯ ಕೆಳಗೇ ಬಂದು ಗಂಟಲು ಹರಿಯುವಂತೆ ಕೂಗಿದ.

"ನನ್ನ ತಮ್ಮನ ಟೀವೀಲಿ ಇನ್ನೂ ಆಗಿಲ್ಲ!"

"ನಿಮ್ಮ ತಮ್ಮನ ಟೀವಿಗೋಸ್ಕರ ಸೂರ್ಯ ಕಾಯ್ತಾನಾ ಹಾಜ್ಜಾ?"

ಇಡೀ ಬೀದಿ ನಕ್ಕಿತು. ಮರುದಿನ ಹಿಲ್ಮಿ ಹೇಳಿದಾಗ ನಾನೂ ನಕ್ಕೆ. ಅವನು ಮಾತ್ರ ನಗಲಿಲ್ಲ. "ಸಂಜೆ ತಡವಾದ್ರೆ ಹಸಿವು ಅಷ್ಟೇ ಕಣೋ ಫಿಕ್ರಿ. ಬೆಳಗ್ಗೆ?" ಅಂದ.

— ಬೆಳಗ್ಗೆ. ಹಾಜ್ಜಾ ರಕ್ತದೊತ್ತಡದ ಮಾತ್ರೆ ನುಂಗುವುದು ಮುಂಜಾವದ ಬಾಂಗಿನ ಅಂಚಿನಲ್ಲಿ. ಫೋನಿನಲ್ಲಿ ಬಾಂಗು ಶುರುವಾಗುವ ತನಕ ಗುಟುಕು ಗುಟುಕಾಗಿ ನೀರು ಕುಡಿಯುತ್ತಾರೆ. ಹೊರಗೆ ಬಾಂಗು ಶುರುವಾಗಿ, ಉಪವಾಸ ಹಿಡಿಯುವ ಹೊತ್ತು ಮೀರಿರುತ್ತಿತ್ತು! ಗಂದೂರನ ಮಾತಿನಿಂದ ಅವರಿಗೆ ಅದು ಹೊಳೆದಾಗ ರಂಜಾನ್ ಮುಗಿಯುತ್ತ ಬಂದಿತ್ತು. "ಇಡೀ ತಿಂಗಳ ಉಪವಾಸ ಕೆಟ್ಟಿತಲ್ಲೋ ಹಿಲ್ಮೀ! ನೀನು ಕಳಿಸಿದ ಬಾಂಗು ಅಂತ ನಂಬಿ ನೀರು ಕುಡಿದೆ ಕಣೋ." ತಿಳಿಯದೆ ಆದದ್ದು, ದೋಷವಿಲ್ಲ ಎಂದು ಶೇಖ್ ಅವರೇ ಮನೆಗೆ ಬಂದು ಹೇಳಿದರು. ಹಾಜ್ಜಾ ಕೇಳಲಿಲ್ಲ. ಆ ಚಳಿಗಾಲದಲ್ಲಿ ಇಡೀ ತಿಂಗಳು ಮತ್ತೆ ಉಪವಾಸ ಹಿಡಿದರು, ಆ ಆರೋಗ್ಯದಲ್ಲಿ. ಮನೆಯಲ್ಲಿ ಅಕ್ಕನ ಎದುರು ಕೂತು ಒಬ್ಬನೇ ಉಣ್ಣಲಾಗದೆ ಹಿಲ್ಮಿ ಆಫೀಸಿನಲ್ಲೇ ನಿಂತುಕೊಂಡು ಬೀನ್ಸ್ ರೊಟ್ಟಿ ತಿನ್ನುತ್ತಿದ್ದ. ಬಾಗಿಲು ದಡಾರ್ ಅನ್ನತೊಡಗಿದ್ದು ಆಗಿನಿಂದ.

ಅವನು ದೊಡ್ಡದೇನೂ ಕೇಳಲಿಲ್ಲ. ಬಾಂಗಿನ ಹೊತ್ತಿಗೆ ಅಳಿಯನನ್ನು ಬಿಟ್ಟುಬಿಡಿ, ಮಾವ ನಿಧಾನಕ್ಕೆ ಬರಲಿ ಎಂದ. ದನಿ ಬೇರೆ ದಾರಿಯಲ್ಲಿ, ದೊಡ್ಡ ತೊಟ್ಟಿಯಿಲ್ಲದೆ, ಕೂಡಲೇ ಹೋಗಲಿ.

ನಿರ್ದೇಶಕರು ಹೌಹಾರಿದರು. "ದನಿ ಮೊದಲು, ಚಿತ್ರ ಆಮೇಲೆ! ಬಾಯಿ ಒಂದು ಕಡೆ, ಮಾತು ಒಂದು ಕಡೆ ಆದ್ರೆ ಜನ ಉಗಿಯಲ್ವೇನ್ರೀ?"

ಹಿಲ್ಮಿ ತಲೆ ಚಚ್ಚಿಕೊಂಡ. "ಬಾಂಗಿನ ಹೊತ್ತಲ್ಲಿ ನಾವು ತೋರಿಸೋದು ಮಿನಾರಿನ ಚಿತ್ರ ಡಾಕ್ಟ್ರೇ! ಮಿನಾರಿಗೆ ಬಾಯಿ ಎಲ್ಲಿದೆ?"

ಉತ್ತರ ಇಲ್ಲದಾಗ ಏನು ಮಾಡುತ್ತಾರೆ? ಸಮಿತಿ ಮಾಡುತ್ತಾರೆ. ಸಮಿತಿ ಕೂತಿತು. ಚಹಾ ಕುಡಿಯಿತು. ರಂಜಾನ್ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮಿನಾರಿಗೆ ಬಾಯಿ ಇದೆಯೋ ಇಲ್ಲವೋ ಸಮಿತಿಗೆ ಇನ್ನೂ ಖಚಿತವಾಗಿಲ್ಲ!

ಆಸ್ಪತ್ರೆಯಲ್ಲಿ ಅವನು ನನ್ನನ್ನು ಕೇಳಿದ ಕೊನೆಯ ಮಾತು ಮಕ್ಕಳುಮರಿಯದಲ್ಲ, ಅವನಿಗೆ ಅವರಿರಲೂ ಇಲ್ಲ. "ಸಮಿತಿ ಏನಂತೋ?" ಅಂದ. "ನೋಡ್ತಾ ಇದ್ದಾರಂತೆ," ಅಂದೆ. "ತೊಟ್ಟಿ ತುಂಬ್ತಾ ಇದೆ ಅನ್ನು," ಅಂತ ಗೋಡೆ ಕಡೆ ತಿರುಗಿ ಮಲಗಿದ.

ಡಾಕ್ಟರ್ ಮಮ್ದೂಹ್ ಅವರೇ, ಮುಂದಿನ ವಾರ ರಂಜಾನಿನ ಚಂದ್ರ ಕಾಣುತ್ತಾನೆ. ಹಿಲ್ಮಿ ಎಲ್ಲವನ್ನೂ ಜೋಡಿಸಿ ಇಟ್ಟೇ ಹೋಗಿದ್ದಾನೆ. ಬೇಕಾದದ್ದು ನಿಮ್ಮ ಒಂದು "ಹೂಂ". ಹೂವಿನ ಹಾರ ತಂದಿದ್ದೀರಿ, ದೊಡ್ಡ ಮನಸ್ಸು. ಹಾರಕ್ಕಿಂತ ಹೂಂ ಹಗುರ.

ಮಾನ್ಯರೇ, ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಪ್ರಾರ್ಥಿಸುತ್ತೇನೆ. ಒಂದು ನಿಮಿಷ ಎಂಬುದು ರೂಢಿ. ಆದರೆ ದಯವಿಟ್ಟು ಗಡಿಯಾರ ನೋಡಬೇಡಿ, ಆ ಪರದೆ ನೋಡಿ. ಅಲ್ಲಿ ನಾವು ಎದ್ದು ನಿಂತಾಗಲೇ ಎರಡು ಬೀದಿ ಆಚೆ ಹಾಜ್ಜಾ ಬಹಿಯಾ ನನ್ನ ಮಾತು ಕೇಳಿ ಕೋಲು ಊರಿ ಏಳುತ್ತಾರೆ. ಮಂಡಿ ನೋವು ಅಂತ ಕೂತೇ ಇರುವವರಲ್ಲ ಅವರು, ನಿಮಗೂ ಗೊತ್ತು. ಆ ಮುದಿ ಜೀವವನ್ನು ಒಂಟಿಯಾಗಿ ನಿಲ್ಲಿಸಿ ನಾವಿಲ್ಲಿ ಕಾಫಿಗೆ ಹೋಗುವುದು ಬೇಡ. ನಿಮಿಷದ ಲೆಕ್ಕ ಅಲ್ಲಿಂದ ಶುರು. ಡಾಕ್ಟರೇ, ನಿಮ್ಮ ಮಂಡಿಯೂ ನೋಯುತ್ತದೆಂದು ಬಲ್ಲೆ. ತೊಟ್ಟಿ ನಿಮ್ಮದು, ತುಂಬುವ ತನಕ ನಮ್ಮೊಂದಿಗೆ ನಿಲ್ಲಿ.

ಏಳಿ. —

ಪರದೆಯಲ್ಲಿ ನಾವಿನ್ನೂ ಕೂತೇ ಇದ್ದೇವೆ. ಕಾಯೋಣ.