ಕೆಳಗ್ಲ ಬೀದಿಗೆ ನೀರು ನಿಲ್ಸಿದ್ದು

ಕುಡ್ದಿದ್ದೆ ಕನ್ಲಾ, ಅದು ಸುಳ್ಳಲ್ಲ. ಇಸ್ಕೂಲ್ ಉಡುಗ್ರು ಮೊಬೈಲಲ್ಲಿ ತೋರ್ಸಿ ನಿಮ್ ತಾತ ಕುಡುಕ ಅಂದ್ರು ಅಂತ ಯಾಕ್ಲಾ ಮಕ ಊದಿಸ್ಕಂಡು ಕುಂತಿದ್ದೀಯೆ, ಬಾ ಇಲ್ಲಿ, ಜಗಲಿ ಮ್ಯಾಲೆ ಕುಂತ್ಕೊ. ಸಿಂಚನ, ನೀನೂ ಬಾರವ್ವ. ಆ ವಿಡಿಯೋದಲ್ಲಿ ಲೈಟು ಕಂಬಕ್ಕೆ ಒರಗ್ಕಂಡು, ಅಂಗಿ ಎಲ್ಲ ನೆಂದು, ವಾಂತಿ ಮಾಡ್ಕತಾ ಕುಂತವ್ನಲ್ಲ, ಅವ್ನು ನಾನೇಯ. ಕುಡ್ದಿದ್ದು ಮಾತ್ರ ಬ್ರಾಂದಿ ಅಲ್ಲ, ನೀರು. ಬೀದಿ ನಲ್ಲಿ ನೀರು. ಅದ್ನ ಯಾರೂ ಬರ್ದಿಲ್ಲ ಅದ್ರ ಕೆಳಗೆ. ಕುಡುಕ ನೀರುಗಂಟಿಗೆ ಜನ ಬುದ್ಧಿ ಕಲಿಸಿದ್ರು ಅಂತ ಬರ್ದವ್ರೆ, ನಿಮ್ಮಪ್ಪ ಓದಿ ಏಳ್ದ. ನಾನು ರಿಟೈರಾಗಿ ಮನೇಲಿ ಕುಂತಿದ್ರೂ ಅದು ಇನ್ನೂ ಸುತ್ತುತ್ತಾನೇ ಐತೆ.

ಮೊದ್ಲು ನನ್ ಕೆಲ್ಸ ಏನು ಅಂತ ಏಳ್ಬೇಕಲ್ವಾ. ನಾನು ಬೂಕನಕೆರೆಯೋನು, ನಿಮ್ಗೆ ಗೊತ್ತು. ವಯಸ್ಸಲ್ಲಿ ಚಿನಕುರಳಿ ತಾವ ಕ್ವಾರೇಲಿ ಜಲ್ಲಿ ಒಡೀತಿದ್ದೆ, ಆ ದೂಳು ಎದೇಲಿ ಕುಂತು ಕೆಮ್ಮು ಇಡ್ಕಂತು, ನಿಮ್ಮಜ್ಜಿ ಬ್ಯಾಡ್ವೇ ಬ್ಯಾಡ ಅಂತ ರಂಪ ಮಾಡಿದ್ಮ್ಯಾಲೆ ನೀರಿನ ಕೆಲ್ಸಕ್ಕೆ ಸೇರ್ಕಂಡೆ. ಯಾವೂರಲ್ಲಿ ಅಂದ್ಯಾ? ಊರ ಹೆಸ್ರು ಬ್ಯಾಡ ಬುಡು, ನಿಮ್ ಚಿಕ್ಕಮ್ಮನ ನೆಂಟ್ರು ಇನ್ನೂ ಅಲ್ಲೇ ಅವ್ರೆ. ಮೊದ್ಲು ದಿನಗೂಲಿ, ಪೈಪಿಗೆ ಗುಂಡಿ ತೋಡೋದು. ಆಮ್ಯಾಕೆ ಪರ್ಮನೆಂಟಾಯ್ತು. ಕೊನೆಕೊನೆಗೆ ಅಲ್ಲಿ ಎಲ್ರಿಗಿಂತ ನಾನೇ ಹಳಬ, ಸೀನಿಯರ್ರು ಅಂತಿದ್ರು. ಸೀನಿಯರ್ರು ಅಂದ್ರೆ ಕುರ್ಚಿ ಮ್ಯಾಲೆ ಕುಂತ್ಕಳೋದಲ್ಲ, ಬೈಗುಳ ಮೊದ್ಲು ನಿನ್ಗೆ ಬತ್ತದೆ ಅಂತ, ಅಷ್ಟೇಯ. ವೊಳೆ ನೀರು ಮ್ಯಾಲಿನ ಟ್ಯಾಂಕಿಗೆ ಬತ್ತಿತ್ತು, ಅಲ್ಲಿಂದ ಬೀದಿ ಬೀದಿಗೆ ಬುಡೋದು ನಾವು, ಅದ್ಕೇ ನೀರುಗಂಟಿ ಅನ್ನೋದು. ರಸ್ತೆ ಮಗ್ಗುಲಲ್ಲಿ ಚೇಂಬರು ಅಂತ ಗುಂಡಿ ಇರ್ತದಲ್ಲ, ಅದ್ರೊಳ್ಗೆ ವಾಲ್ವು. ಉದ್ದದ ಕಬ್ಬಿಣದ ಕೀಲಿ ಆಕಿ ತಿರುಗಿಸಿದ್ರೆ ಆ ಬೀದಿಗೆ ನೀರು. ವಾಪಸ್ ತಿರುಗಿಸಿದ್ರೆ ನಿಂತೋಯ್ತದೆ. ನೀರು ಬುಟ್ಟಾಗ ಯಾರೂ ನಿನ್ ಮಕ ನೋಡಲ್ಲ. ನಿಲ್ಸಿದ್ರೆ ಊರೇ ನೋಡ್ತದೆ.

ಕೆಳಗ್ಲ ಬೀದಿ ಅಂತ ಒಂದು ಬೀದಿ ಇತ್ತು, ಇಳಿಜಾರು. ತಲೇಲಿ ಕಾಂತರಾಜು ಅನ್ನೋನ ಮನೆ. ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದ, ಮ್ಯಾಲೊಂದು ಅಂತಸ್ತು ಎತ್ತಿದ್ದ. ಅಲ್ಲಿಂದ ಕೆಳಕ್ಕೆ ಎಲ್ಲ ಶೀಟು ಮನೆ, ಗಾರೆ ಕೆಲ್ಸದೋರು, ಕಬ್ಬು ಕಡಿಯಕ್ಕೆ ಓಗೋರು. ತೀರಾ ತುದೀಲಿ ಪುಟ್ಟತಾಯಕ್ಕ ಅಂತ, ಸೊಪ್ಪು ಮಾರೋಳು. ಗಂಡ ಇರ್ನಿಲ್ಲ, ಒಬ್ಬ ಮಗ, ಸೊಸೆ, ಎದೆಹಾಲು ಬುಡದ ಒಂದು ಕೂಸು. ನಾನು ಬೆಳಗ್ಗೆ ಆ ಕಡೀಕ್ ಬಂದಾಗೆಲ್ಲ, 'ತಮ್ಮಯ್ಯ, ಬಾರಪ್ಪ, ವಸಿ ಅಂಬ್ಲಿ ಕುಡ್ಕಂಡೋಗು' ಅಂತ ಒಡುಟ್ಟಿದ ತಮ್ಮನ್ನ ಕರ್ದಂಗೆ ಕರಿಯೋಳು. ಬೇರೆ ಮನೇರು, ಮೋರಿ ಮುಟ್ಟಿದ ಕೈ ಅಂತ ಲೋಟ ಕೊಡ್ತಿರ್ನಿಲ್ಲ, ಚೊಂಬೆತ್ತಿ ಬೊಗಸೆಗೆ ಉಯ್ಯೋರು. ಇವ್ಳು ತಾನು ಉಣ್ಣೋ ತಟ್ಟೇಲೇ ಕೊಡೋಳು. ಅದ್ಕೇ ಅವ್ಳ ವಿಷ್ಯ ಅಂದ್ರೆ ನಂಗೆ ಈಗ್ಲೂ... ಇರ್ಲಿ, ಬತ್ತೀನಿ ಅಲ್ಲಿಗೆ.

ಬ್ಯಾಸ್ಗೆ. ಒಂದಿನ ಪುಟ್ಟತಾಯಕ್ಕ, 'ತಮ್ಮಯ್ಯ, ಕೂಸಿಗೆ ಬೇದಿ ನಿಲ್ತಾನೇ ಇಲ್ಲ ಕನಪ್ಪ' ಅಂದ್ಲು. ಪಕ್ಕದ ಮನೇಲೂ ಅಂಗೇ, ಎದ್ರು ಮನೇಲೂ ಅಂಗೇ. ನಾನು ಬಿಂದಿಗೆ ನೀರ ಮೂಸ್ದೆ. ಕಕ್ಕಸು ನೀರು ಸೇರೈತೆ. ಬೀದಿ ತಲೆ ನಲ್ಲೀಲಿ ನೋಡಿದ್ರೆ ನೀರು ಚೆನ್ನಾಗೈತೆ, ಕಾಂತರಾಜು ಮನೆ ದಾಟಿದ್ಮ್ಯಾಲೆ ನಾತ. ಅಂದ್ರೆ ಎಲ್ಲಿ ಕೆಟ್ಟೈತೆ ಅಂತ ಯಾರು ಬೇಕಾದ್ರೂ ಏಳ್ಬೋದು, ಅವ್ನ ಮನೆ ಮುಂದೆ. ಅವ್ನು ಕಾರು ಅತ್ತಿಸಕ್ಕೆ ಅಂತ ರಸ್ತೆಗಂಟ ಕಾಂಕ್ರೀಟಿಂದು ರ‍್ಯಾಂಪು ಆಕ್ಸಿದ್ದ. ಅದ್ರಡೀಲಿ ನಮ್ ಕುಡಿಯೋ ನೀರಿನ ಪೈಪೂ ಐತೆ, ಅವ್ನ ಮನೆ ಕಕ್ಕಸಿನ ಪೈಪೂ ಐತೆ. ಎರಡೂ ಒಡ್ದೋಗವೆ. ನೀರು ಬುಟ್ಟಾಗ ನಮ್ ಪೈಪು ಆಚೆಗೆ ಉಗೀತದೆ, ನಿಲ್ಸಿದಾಗ ಸುತ್ತ ಇರೋ ಗಲೀಜ ಒಳಕ್ಕೆ ಎಳ್ಕತದೆ. ಮಾರ್ನೆ ದಿನ ಬುಟ್ರೆ ಅದೇ ಮೊದ್ಲು ಬಿಂದಿಗೆಗೆ ಬೀಳೋದು.

ಅವ್ನ ಮನೆ ತಾವ್ಕೆ ಓದೆ. ಕೈ ಮುಗ್ದೇ ಕೇಳ್ದೆ ಕನ್ಲಾ. 'ಕಾಂತಣ್ಣ, ರ‍್ಯಾಂಪು ವಸಿ ಒಡೀಬೇಕು, ಅಡೀಲಿ ಪೈಪು ಓಗೈತೆ, ಕೆಳಗಿನ ಮಕ್ಳೆಲ್ಲ ಉಷಾರು ತಪ್ಪವ್ರೆ.' ಅವ್ನು ಅಲ್ಲುಜ್ತಾ ನಿಂತಿದ್ದ. ನನ್ ಕಾಲ ತಾವ್ಲೇ ಉಗ್ದು, 'ಈಗಿನ್ನ ಆಕ್ಸಿರೋ ಕಾಂಕ್ರೀಟು ಕನ್ಲಾ ಜವರ. ಅದ್ಕೆ ಆರೆ ಮುಟ್ಟಿಸಿದ್ರೆ ಅದೇ ಆರೇಲಿ ನಿನ್ ಕಾಲು ಮುರೀತೀನಿ' ಅಂದ. ಅವ್ನಿಗಿಂತ ನಾನು ಎಷ್ಟು ದೊಡ್ಡೋನು, ಲೇ ಜವರ ಅಂತಾನೆ. ಇರ್ಲಿ ಅಂತ, 'ನಿಮ್ಮನೇರೂ ಕುಡಿಯೋ ನೀರಲ್ವಾ ಅಣ್ಣ' ಅಂದೆ. 'ನಮ್ಗೆ ಬೋರೈತೆ' ಅಂದ. ಅಷ್ಟೇಯ. ಅವ್ನ ದನೀಲಿ ಕೋಪಾನೂ ಇರ್ನಿಲ್ಲ. ಸತ್ರೆ ಸಾಯ್ಲಿ ಅನ್ನೋದ್ನ ಇಷ್ಟು ತಣ್ಣಗೆ ಏಳ್ಬೋದು ಅಂತ ಅವತ್ತೇ ನಾನು ಕಂಡಿದ್ದು.

ಇಂಜಿನಿಯರ್ ಸಾಹೇಬ್ರ ತಾವ ಓದೆ. ಎಳೇ ವಯಸ್ಸು, ಮಾತು ನಯ, ಆದ್ರೆ ಎದ್ರುಕುಳಿ. 'ಜವರಯ್ಯ, ಆತ ದೊಡ್ಡವರ ಕಡೆಯವನು, ಹಾಗೆ ಹೋಗಿ ಒಡೆಯೋಕಾಗಲ್ಲ. ನೋಟೀಸು ಕೊಡೋಣ. ಅಲ್ಲೀವರೆಗೂ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿ' ಅಂದ್ರು. 'ಸಾ, ಟ್ಯಾಂಕಲ್ಲಿ ಕೆಟ್ಟಿಲ್ಲ ಸಾ, ಕೂಸ್ಗಳು ಸತ್ತೋಯ್ತವೆ ಸಾ' ಅಂದೆ. ಅವ್ರು ಪೆನ್ನು ಕಚ್ಕಂಡು, 'ಆ ಬೀದಿ ವಾಲ್ವು ಬಂದ್ ಮಾಡಿ, ಟ್ಯಾಂಕರ್ ಕಳಿಸ್ತೀನಿ. ಆದ್ರೆ ಯಾಕೆ ಅಂತ ಯಾರಿಗೂ ಹೇಳ್ಬೇಡಿ, ಪೇಪರ್‌ನವರು ಬಂದ್ಬಿಡ್ತಾರೆ. ರಿಪೇರಿ ಅನ್ನಿ' ಅಂದ್ರು.

ನಿಲ್ಸ್ದೆ. ಕೇಳ್ದೋರಿಗೆಲ್ಲ ರಿಪೇರಿ ಅಂದೆ. ಪುಟ್ಟತಾಯಕ್ಕನ್ಗೆ ಮಾತ್ರ ಸುಳ್ಳೇಳಕ್ಕೆ ಬಾಯಿ ಬರ್ನಿಲ್ಲ. 'ಅಕ್ಕ, ನೀರು ಕೆಟ್ಟೋಗೈತೆ, ಇಟ್ಟಿರೋದೆಲ್ಲ ಚೆಲ್ಬುಡು, ಕೂಸ ಇಲ್ಲಿಂದ ಕಳ್ಸು' ಅಂದೆ. ಅವ್ಳು ಆವತ್ತೇ ಸೊಸೇನೂ ಕೂಸ್ನೂವೆ ನಾಗಮಂಗಲದ ಬಸ್ಸು ಅತ್ತಿಸಿ ತವರಿಗೆ ಕಳ್ಸಿದ್ಲು. ಆ ಕೂಸು ಬದುಕ್ಕಂತು, ಈಗ ಇಸ್ಕೂಲಿಗೆ ಓಯ್ತದಂತೆ. ಒಳ್ಳೇದಾಗಿದ್ದು ಅಂತ ಏನಾದ್ರೂ ಇದ್ರೆ ಅದೊಂದೇಯ. ಟ್ಯಾಂಕರ್ ಬರ್ನಿಲ್ಲ. ಇವತ್ತು ಬತ್ತದೆ ಅಂದ್ರು, ನಾಳೆ ಬತ್ತದೆ ಅಂದ್ರು, ಡ್ರೈವರ್ ರಜ ಅಂದ್ರು. ನಾನು ದಿನಾ ಆಫೀಸಿನ ಬಾಗ್ಲಲ್ಲಿ ನಿಂತೆ. ಕೆಳಗ್ಲ ಬೀದಿ ಎಂಗುಸ್ರು ಆ ಬಿಸ್ಲಲ್ಲಿ ಬಿಂದಿಗೆ ಒತ್ಕಂಡು ನಾಲೆಗಂಟ ಓಗಿ ಬರೋರು. ಪುಟ್ಟತಾಯಕ್ಕನ್ಗೆ ಮೊದ್ಲೇ ಮಂಡಿ ನೋವು. ನಡ್ಯೋದು, ಕೂರೋದು, ಬಿಂದಿಗೆ ಇಳ್ಸೋದು, ಎತ್ಕಳೋದು. ನೋಡಕ್ಕಾಯ್ತಿರ್ನಿಲ್ಲ. ನಾನೇ ಸೈಕಲ್ಲಲ್ಲಿ ಅವ್ಳಿಗೆ ಕ್ಯಾನು ತಂದ್ಕೊಟ್ಟೆ. ಒಂದು ಮನೆಗೆ ತರ್ಬೋದು, ಒಂದು ಬೀದಿಗೆ ತರಕ್ಕಾಯ್ತದಾ.

ಕಾಂತರಾಜು ಸುಮ್ನೆ ಕೂರ್ನಿಲ್ಲ. ಅಂಗಡಿ ಮುಂದೆ ನಿಂತ್ಕಂಡು ಬಂದೋರಿಗೆಲ್ಲ ಏಳ್ದ, 'ರಿಪೇರಿ ಅಂತೆ ರಿಪೇರಿ, ಎಲ್ಲಾರ ಗುಂಡಿ ತೋಡವ್ರಾ? ನಿಮ್ ನೀರ ಹೊಸ ಬಡಾವಣೆಗೆ ತಿರುಗ್ಸವ್ನೆ ಆ ನೀರುಗಂಟಿ, ಅಲ್ಲಿ ದಿನಾ ಕುಡಿಸ್ತಾವ್ರೆ ಅವನ್ಗೆ.' ಬಾಯಾರಿದ ಜನ ಕನ್ಲಾ. ಬಾಯಾರಿದೋರಿಗೆ ಯಾವ ಮಾತಾದ್ರೂ ನಿಜ ಅನ್ನಿಸ್ತದೆ.

ಒಂದು ಬೆಳಗ್ಗೆ ಬ್ಯಾರೆ ಬೀದಿಗೆ ನೀರು ಬುಡಕ್ಕೆ ಅಂತ ನಾನು ಕೀಲಿ ಇಡ್ಕಂಡು ಕೆಳಗ್ಲ ಬೀದಿ ಚೇಂಬರ್ ತಾವ ಬಂದ್ರೆ ಬೀದಿಗೆ ಬೀದಿನೇ ನಿಂತೈತೆ. ಎಲ್ಲಾ ಕೈಲೂ ಖಾಲಿ ಬಿಂದಿಗೆ. 'ಬುಡ್ಲಾ ನೀರ' ಅಂದ್ರು. 'ಬುಡಕ್ಕಾಗಲ್ಲ, ನೀರು ಕೆಟ್ಟೈತೆ, ಕಾಂತಣ್ಣನ ರ‍್ಯಾಂಪಿನಡಿ ಕಕ್ಕಸು ಸೇರ್ತಾ ಐತೆ' ಅಂತ ಇದ್ದಿದ್ದ ಏಳ್ಬುಟ್ಟೆ. ಸಾಹೇಬ್ರು ಬ್ಯಾಡ ಅಂದಿದ್ರು, ಏಳ್ಬುಟ್ಟೆ. 'ಇಷ್ಟು ದಿನ ರಿಪೇರಿ ಅಂದೋನು ಈಗ ಕಕ್ಕಸು ಅಂತಾನೆ ನೋಡ್ರಪ್ಪ' ಅಂತ ಕಾಂತರಾಜು ನಕ್ಕ. ಅಷ್ಟರಲ್ಲಿ ನನ್ ಬೆನ್ನಿಗೆ ಟಣ್ ಅಂತ ಬಿತ್ತು ಬಿಂದಿಗೆ ಏಟು. ತಿರುಗಿ ನೋಡಿದ್ರೆ ಪುಟ್ಟತಾಯಕ್ಕ. ಉಸ್ರು ಬುಡ್ತಾ ಅವ್ಳೆ, ಕಣ್ಣು ಕೆಂಪಾಗವೆ. 'ಕೆಟ್ಟ ನೀರೇ ಬುಡಪ್ಪ, ಅದ್ನೇ ಕುಡೀತೀನಿ, ನನ್ ಕೈಲಿ ಇನ್ನ ನಡ್ಯಕ್ಕಾಗಲ್ಲ' ಅಂದ್ಳು. ಅವ್ಳಿಗೆ ಗೊತ್ತಿತ್ತು ಯಾಕೆ ನಿಲ್ಸಿದ್ದು ಅಂತ. ಗೊತ್ತಿದ್ದೂ ಒಡೆದ್ಲು. ಆ ಮಂಡಿ ನೋವು ಅಂಗೆ ಒಡೆಸ್ತು ಅಂತ ನಾನು ಅಂದ್ಕತೀನಿ, ಆದ್ರೂ ಆ ಏಟು ಬ್ಯಾರೆ ಏಟಿನಂಗಲ್ಲ ಕನವ್ವ. ಅವ್ಳು ಒಡೆದಿದ್ದೇ ತಡ, ಮಿಕ್ಕೋರಿಗೆ ಕೈ ಬಂದ್ಬುಡ್ತು.

ಎಷ್ಟು ಒಡೆದ್ರೋ. ಅವ್ಳ ಮಗನೇ ನನ್ನೆರಡು ಕೈನೂ ಇಂದಕ್ಕೆ ತಿರುಗ್ಸಿ ಕಂಬಕ್ಕೆ ಒತ್ತಿ ಇಡ್ಕಂಡ. ಕಾಂತರಾಜು ಕೀಲಿ ಕಿತ್ಕಂಡು ವಾಲ್ವು ತಿರುಗಿಸ್ದ. ನಲ್ಲೀಲಿ ಗೊರ ಗೊರ ಅಂತ ಗಾಳಿ ಬಂತು, ಆಮ್ಯಾಕೆ ಕರ‍್ರಗೆ ನೀರು ಬಂತು. ಆ ಮೊದ್ಲು ಬಿಂದಿಗೇನೇ ಎತ್ಕಂಡು, 'ಕೆಟ್ಟೈತೆ ಅಂತಾನಲ್ಲ, ಕುಡಿಸ್ರಲಾ ಇವನ್ಗೆ. ಸತ್ರೆ ನಂಬನ' ಅಂದ. ನಾನು ಅಲ್ಲು ಕಚ್ಕಂಡೆ. ಮೂಗು ಒತ್ತಿದ್ರು. ಉಸ್ರಿಗೆ ಬಾಯಿ ಬುಡ್ಲೇಬೇಕಲ್ಲ, ಬುಟ್ಟೆ, ಉಯ್ದ್ರು. ಕುಡ್ದೆ. ವಾಂತಿ ಮಾಡ್ಕಂಡೆ, ತಿರ‍್ಗ ಉಯ್ದ್ರು. ಮೊಬೈಲು ಇಡ್ಕಂಡೋನು ಯಾವನೋ, ಅವ್ನಿಗೆ ಕಾಣ್ಲಿ ಅಂತ ನನ್ ತಲೆ ಕೂದ್ಲು ಇಡ್ದು ಮಕ ಎತ್ತಿದ್ರು. ಆಮ್ಯಾಕೆ ಸಾಯ್ತಾನೇನೋ ಅಂತ ಎಲ್ರೂ ನನ್ನೇ ನೋಡಿದ್ರು. ನಾನು ಸಾಯ್ನಿಲ್ಲ. 'ಏನೂ ಆಗ್ನಿಲ್ವಲ್ಲ' ಅಂತ ಒಬ್ಳು ಅಂದ್ಳು, ಎಲ್ರೂ ಬಿಂದಿಗೆ ಇಡ್ಕಂಡು ಓಡಿದ್ರು.

ನಾನು ಮನೆ ಸೇರೋ ಮುಂಚೆ ಆ ವಿಡಿಯೋ ನಿಮ್ಮಜ್ಜಿ ಕಣ್ಣಿಗೆ ಬಿದ್ದಿತ್ತು. ಅವ್ಳೇ ನನ್ ಅಂಗಿ ಬಿಚ್ಚಿ ಬಿಸ್ನೀರು ಉಯ್ದ್ಲು. ಸಾಹೇಬ್ರಿಗೆ ಫೋನು ಮಾಡ್ದೆ, ವಾಲ್ವು ಬಂದ್ ಮಾಡಿಸಿ ಸಾ ಅಂತ. 'ಜನ ರೊಚ್ಚಿಗೆದ್ದಿದಾರೆ, ಈಗ ಬೇಡ' ಅಂದ್ರು. ಅವತ್ತಿಂದ ನಂಗೆ ವಾಂತಿ ಬೇದಿ, ಏಳಕ್ಕಾಗ್ನಿಲ್ಲ. ಗ್ಲೂಕೋಸ್ ಆಕ್ಸಿದ್ಮ್ಯಾಲೆ ವಸಿ ಕಣ್ ಬುಟ್ಟೆ. ಕೆಳಗ್ಲ ಬೀದಿಯೋರೆಲ್ಲ ಸರ್ಕಾರಿ ಆಸ್ಪತ್ರೇಲಿ ಅವ್ರೆ ಅಂತ ಗೊತ್ತಾಯ್ತು. ನಿಮ್ಮಜ್ಜಿ ಬ್ಯಾಡ ಅಂದ್ಳು, ಆದ್ರೂ ಗೋಡೆ ಇಡ್ಕಂಡು ಓದೆ. ಮಂಚ ಸಾಲ್ದೆ ನೆಲದ ಮ್ಯಾಲೆ ಮಲಗ್ಸಿದ್ರು. ಪುಟ್ಟತಾಯಕ್ಕ ಬಾಗ್ಲ ತಾವ ಇದ್ಲು. ಕಣ್ಣು ಒಳಕ್ಕೋಗಿ, ಕೈ ಚರ್ಮ ಇಡ್ದು ಬುಟ್ರೆ ಅಂಗೇ ನಿಂತ್ಕಳದು.

'ತಮ್ಮಯ್ಯ' ಅಂದ್ಳು, 'ಬಂದ್ಯಾ.'

'ಬಂದೆ ಕನಕ್ಕ.'

'ವಸಿ ನೀರು ಕೊಡಪ್ಪ.'

ನರ್ಸಮ್ಮ ಉಪ್ಪು ಸಕ್ಕರೆ ನೀರು ಕೊಟ್ಟಿದ್ರು, ಚಮಚದಲ್ಲಿ ಬಾಯಿ ತಾವ ಇಡ್ದೆ. ಅವ್ಳು ಬಾಯಿ ಬುಡ್ನಿಲ್ಲ. ನನ್ ಮಕ ನೋಡಿ, 'ಒಳ್ಳೆ ನೀರೇನಪ್ಪ ಇದು?' ಅಂದ್ಳು. 'ಒಳ್ಳೇದೇ ಕನಕ್ಕ, ಕುಡಿ' ಅಂದೆ. ಆಗ ಕುಡಿದ್ಲು. ಒಂದೊಂದೇ ಚಮಚ. ಇನ್ನ ಬಿಸ್ಲು ಇಳ್ದಿರ್ನಿಲ್ಲ, ಓಗ್ಬುಟ್ಲು.

ಮಣ್ಣಿಗೆ ಓಗಿದ್ದೆ. ಒಂದಿಡಿ ಮಣ್ಣು ಎತ್ಕಂಡೆ, ಅವ್ಳ ಮಗ ಬಂದು ನನ್ ಕೈ ತಟ್ಟಿ ಮಣ್ಣು ಬೀಳಿಸ್ಬುಟ್ಟ. 'ನೀನು ಆಕ್ಬ್ಯಾಡ. ನೀನು ಗಟ್ಟಿಯಾಗಿ ನಿಂತಿದ್ದಿದ್ರೆ ನಮ್ಮವ್ವ ಬದುಕ್ತಿದ್ಲು' ಅಂದ. ಅವತ್ತು ನನ್ ಕೈ ಕಂಬಕ್ಕೆ ಒತ್ತಿ ಇಡ್ಕಂಡಿದ್ದೋನು ಕನ್ಲಾ ಅವ್ನು. ಅವ್ವನ್ನ ಕಳ್ಕಂಡವ್ನೆ ಅಂತ ಇಂದಕ್ಕೆ ಬಂದು ಬೇಲಿ ತಾವ ನಿಂತ್ಕಂಡೆ. ಆಮ್ಯಾಕೆ ಜೆಸಿಬಿ ಬಂತು, ರ‍್ಯಾಂಪು ಒಡೆದ್ರು, ಎರಡು ಪೈಪೂ ಒಡ್ದು ಒಂದ್ರ ಮ್ಯಾಲೊಂದು ಬಿದ್ದಿದ್ವು. ಪೈಪು ಬದಲಾಯ್ಸಿ, ಆಫೀಸಿನೋರೇ ಕಾಂತರಾಜುಗೆ ಹೊಸ ರ‍್ಯಾಂಪು ಆಕ್ಸಿಕೊಟ್ರು, ಮೊದ್ಲಿಗಿಂತ ಅಗಲವಾಗಿ. ತಪ್ಪು ಯಾರ್ದು ಅಂತ ಮ್ಯಾಲಿಂದ ಕೇಳ್ಕಂಡು ಬಂದಾಗ ಆ ವಿಡಿಯೋ ಇತ್ತಲ್ಲ, ಕೆಲ್ಸದ ಮ್ಯಾಲೆ ಕುಡ್ದಿದ್ದ ಅಂತ ನನ್ನ ಸಸ್ಪೆಂಡ್ ಮಾಡಿದ್ರು. ಸಾಹೇಬ್ರು ತಲೆ ಬಗ್ಗಿಸ್ಕಂಡು ಕುಂತಿದ್ರು. ವಾಪಸ್ ತಗೊಂಡಾಗ ನೀರಿನ ಕಡೆ ಕೊಡ್ನಿಲ್ಲ, ಕಕ್ಕಸಿನ ಲೈನಿಗೆ ಆಕಿದ್ರು. ರಿಟೈರಾಗೋಗಂಟ ಮ್ಯಾನ್‌ಹೋಲು ಮುಚ್ಚಳ ಎತ್ತಿ, ಬಿದಿರು ಗಳ ಆಕಿ ಕುಕ್ಕೋದು. ಕೆಳಗ್ಲ ಬೀದಿಲೂ ಕುಕ್ಕಿದ್ದೀನಿ. ಒಬ್ರೂ ಬಾಗ್ಲಿಗೆ ಬಂದು ನನ್ ಮಕ ನೋಡ್ನಿಲ್ಲ. ಅಂಬ್ಲಿ ಕುಡಿ ಅನ್ನೋಳು ಮಣ್ಣಾಗಿದ್ಲು.

ನೀವು ನಾಳೆ ಆ ಉಡುಗ್ರ ಜೊತೆ ಜಗಳಕ್ಕೆ ಓಗ್ಬ್ಯಾಡಿ. ನಿಮ್ಗೆ ಇಷ್ಟೇ ನಾನು ಏಳೋದು, ಯಾರಾದ್ರೂ ನಿಮ್ಗೆ ಏನಾದ್ರೂ ಕೊಡಕ್ಕಾಗಲ್ಲ ಅಂದ್ರೆ, ಕೈ ಎತ್ತೋ ಮುಂಚೆ, ಯಾಕಪ್ಪ ಅಂತ ಒಂದು ಮಾತು ಕೇಳಿ, ಅವ್ನು ಏಳೋಗಂಟ ತಡ್ಕಳಿ.