ಡಬ್ಬದ ಮೇಲಿನ ನಾಯಿ

ಯುದ್ಧದ ಕಾಲ. ವಿಜಯಪುರದ ರೇಷನ್ ಡಿಪೋ ಮುಂದೆ ರಾಗಿಗಾಗಿ ನಿಂತಿದ್ದೆ. ನನ್ನ ಮುಂದಿದ್ದ ಪಿಳ್ಳಮ್ಮ ತನ್ನ ವಾರಗಿತ್ತಿ ದ್ಯಾವಮ್ಮನ ಮೇಲೆ ಹರಿಹಾಯುತ್ತಿದ್ದಳು.

“ನನ್ನ ಮಗಳು ಹಸಿ ಬಾಣಂತಿ. ನಾಯಿ ತಿನ್ನೋದನ್ನ ಸಾರು ಮಾಡಿ ಇಕ್ಕಿದ್ಯಲ್ಲೇ!”

“ನಂಗೇನು ಗೊತ್ತಕ್ಕ? ನಿನ್ನ ಮೈದುನನೇ ಕೆಲಸಕ್ಕೆ ಹೋಗೋ ಬಿಳಿ ದೊರೆ ಬಂಗಲೆಯಿಂದ ತಂದು, ಮಾಂಸ ಅಂತ ಕೊಟ್ಟಿದ್ದು.”

“ಡಬ್ಬದ ಮೇಲೆ ನಾಯಿ ಚಿತ್ರ ಇತ್ತಲ್ಲ, ಕಣ್ಣು ಇಂಗಿಹೋಗಿತ್ತಾ?”

“ಬೆಂಕಿಪೊಟ್ಟಣದ ಮೇಲೆ ಕುದುರೆ ಇರುತ್ತೆ. ಒಳಗೆ ಕುದುರೆ ಇರುತ್ತಾ?”

“ಈ ಡಬ್ಬದೊಳಗೆ ಇತ್ತಂತೆ ಕಣೇ! ಆಸ್ಪತ್ರೆ ಕಾಂಪೌಂಡರ್ ಓದಿ ಹೇಳಿದ. ಕುದುರೆ ಮಾಂಸ, ಅದರ ಈಲಿ, ಮೂಳೆಪುಡಿ, ಗೋಧಿ.”

“ಗೋಧೀನಾ? ನಾಯಿಗಾ?”

“ಬಾಯ್ಮುಚ್ಚು.”

“ಮುಚ್ತೀನಿ. ಅವಳಿಗೆ ಎದೆಹಾಲು ಬತ್ತಿತ್ತಲ್ಲ, ಆ ಸಾರು ಉಂಡ್ಮೇಲೆ ಬಂತೋ ಇಲ್ವೋ, ಅದನ್ನ ಹೇಳಕ್ಕ.”

ಪಿಳ್ಳಮ್ಮ ಚೀಲ ಬಿಡಿಸಿಕೊಂಡು ಮುಂದೆ ಸರಿದಳು. ಅವಳ ಸರದಿ ಬಂತು. ಅಳೆದುಕೊಟ್ಟ ರಾಗಿಯನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಊದಿದಳು. ಅರ್ಧಕ್ಕರ್ಧ ಹೊಟ್ಟಾಗಿ ಹಾರಿಹೋಯಿತು. ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹೊರಟವಳು, ದ್ಯಾವಮ್ಮನ ಮುಖ ನೋಡದೆ ಅಂದಳು:

“ಇನ್ನೊಂದು ಡಬ್ಬ ಇದ್ರೆ ಕಳಿಸು. ಆ ಚಿತ್ರ ಕಿತ್ತಾಕಿ ಕಳಿಸು, ಮೂದೇವಿ.”